ಸಿದ್ದಕ್ಕನವರು ಕುರಿಮಂದೆ ನಿಲ್ಲಿಸಿದ ವರ್ಷ

ಸಿದ್ದಕ್ಕನವರನ್ನು ನಾನು ಮೊದಲು ಕಂಡದ್ದು ೧೯೭೪ರ ಜೂನ್ ತಿಂಗಳಲ್ಲಿ. ಹಿರಿಯೂರಿನ ಬಸ್ಸು ನನ್ನನ್ನು ಆದಿವಾಲದಲ್ಲಿ ಇಳಿಸಿತು. ಅಲ್ಲಿಂದ ನಾಲೆಯ ಏರಿ ಹಿಡಿದು, ತಗಡಿನ ಟ್ರಂಕನ್ನು ಒಂದು ಹೆಗಲಿನಿಂದ ಇನ್ನೊಂದು ಹೆಗಲಿಗೆ ಬದಲಿಸುತ್ತಾ ನಡೆದೆ. ನಾನು ಗಣಿತದ ಮೇಷ್ಟ್ರಾಗಿ ಸೇರಬೇಕಾಗಿದ್ದ ಹೈಸ್ಕೂಲು ನಾಲೆಯ ಪಕ್ಕದ ಒಂದು ಸಣ್ಣ ಊರಿನಲ್ಲಿತ್ತು. ನಮ್ಮ ವಂಶದಲ್ಲಿ ಡಿಗ್ರಿ ಮುಗಿಸಿದವನು ನಾನೇ ಮೊದಲು. ಮೊದಲ ದಿನವೇ ತಡವಾಗಬಾರದೆಂದು ಓಡುವಂತೆ ಹೋದೆ. ಆದರೂ ಗೇಟು ಮುಟ್ಟುವಾಗ ಹತ್ತು ಗಂಟೆ ದಾಟಿತ್ತು.

ಗೇಟಿನ ಹತ್ತಿರ ಒಬ್ಬ ಹೆಂಗಸು ನಿಂತಿದ್ದರು. ನಲವತ್ತು ದಾಟಿದ ವಯಸ್ಸು, ಎಲೆಹಸಿರು ಬಣ್ಣದ ಕೈಮಗ್ಗದ ಸೀರೆ, ಎಡಗೈಯಲ್ಲಿ ಗಂಡಸರ ಗಡಿಯಾರ. ಕನ್ನಡಕದ ಒಂದು ಕಡ್ಡಿಯನ್ನು ದಾರದಿಂದ ಬಿಗಿದಿದ್ದರು. ಪಕ್ಕದಲ್ಲಿ ಒಂದು ಮಣ್ಣಿನ ಹರವಿ, ಅದರ ಮೇಲೆ ತಟ್ಟೆ ಮತ್ತು ಲೋಟ. ನಾನು ಆರ್ಡರ್ ಕಾಗದ ಚಾಚಿದೆ. ಅವರು ಅದನ್ನು ತೆಗೆದುಕೊಂಡರು, ಆದರೆ ಕಣ್ಣು ಮಾತ್ರ ಏರಿಯ ಮೇಲೇ ಇತ್ತು.

"ಬರ್ರಿ ಮೇಷ್ಟ್ರೇ. ನೀರು ಕುಡ್ದು ಕುಂತ್ಕಳ್ರಿ. ಹಟ್ಟಿ ಮಕ್ಕಳು ಬರಬೇಕು, ಆಮೇಲೆ ಪ್ರಾರ್ಥನೆ."

ಸ್ವಲ್ಪ ಹೊತ್ತಿಗೆ ಏರಿಯ ಮೇಲೆ ಆರೇಳು ಮಕ್ಕಳು ಕಂಡರು. ದೂರದ ಗೊಲ್ಲರಹಟ್ಟಿಯಿಂದ ನಡೆದು ಬಂದವರು. ನನ್ನ ಶಾಲೆಯ ದಿನಗಳಲ್ಲಿ ತಡವಾಗಿ ಬಂದವರಿಗೆ ಅಂಗೈ ಮೇಲೆ ಬೆತ್ತ ಬೀಳುತ್ತಿತ್ತು. ಇಲ್ಲಿ ಒಂದೊಂದು ಮಗುವೂ ನೀರು ಕುಡಿದು, ಬಾಯಿ ಒರೆಸಿಕೊಂಡು ಸಾಲಿಗೆ ಸೇರಿತು. ಕೊನೆಯವಳು ಸೇರಿದ ಮೇಲೆ ಗಂಟೆ ಹೊಡೆಯಿತು. ಡ್ರಿಲ್ ಮೇಷ್ಟ್ರು ಗೊಲ್ಲಪ್ಪ ನನ್ನ ಕಿವಿಯಲ್ಲಿ, "ಇಲ್ಲಿ ಗಡಿಯಾರ ನಡೆಯಲ್ಲ ಕಣ್ರೀ, ಹಟ್ಟಿ ನಡೆಯತ್ತೆ," ಎಂದು ನಕ್ಕರು. ಗೊಲ್ಲಪ್ಪನವರೂ ಹಟ್ಟಿಯಲ್ಲೇ ಹುಟ್ಟಿದವರು ಎಂದು ನನಗೆ ಆಮೇಲೆ ತಿಳಿಯಿತು.

ಸಿದ್ದಕ್ಕನವರು ಆ ಶಾಲೆಯ ಹೆಡ್‌ಮಿಸ್ಟ್ರೆಸ್. ಹೊಳಲ್ಕೆರೆ ತಾಲ್ಲೂಕಿನ ತಾಳ್ಯದ ಕಡೆಯ ಒಕ್ಕಲು ಮನೆಯ ಮಗಳು. ಹದಿನಾಲ್ಕಕ್ಕೆ ಮದುವೆ, ಇಪ್ಪತ್ತು ತುಂಬುವ ಮೊದಲೇ ವೈಧವ್ಯ. ಅವರ ಅಣ್ಣ ಊರವರ ಮಾತಿಗೆ ಕಿವಿಗೊಡದೆ ಗಾಡಿ ಕಟ್ಟಿ, ತಂಗಿಯನ್ನು ಚಿತ್ರದುರ್ಗದ ಒಂದು ಹೆಣ್ಣುಮಕ್ಕಳ ಹಾಸ್ಟೆಲಿಗೆ ಬಿಟ್ಟುಬಂದ. ಅವರು ಟೀಚರ್ ಟ್ರೇನಿಂಗ್ ಮುಗಿಸಿ, ಕೆಲಸ ಮಾಡುತ್ತಲೇ ಬಿ.ಎ., ಬಿ.ಎಡ್. ಕಟ್ಟಿದರು.

ಒಮ್ಮೆ ಸ್ಟಾಫ್ ರೂಮಿನಲ್ಲಿ ಮಕ್ಕಳಿಗೆ ಓದುವ ಆಸೆ ಹುಟ್ಟಿಸುವುದು ಹೇಗೆಂಬ ಚರ್ಚೆ ನಡೆದಿತ್ತು. ಬಹುಮಾನ ಇಡಬೇಕು ಎಂದೆ ನಾನು. ಸ್ವಲ್ಪ ಭಯ ಇರಬೇಕು ಎಂದರು ಗೊಲ್ಲಪ್ಪ. ಸಿದ್ದಕ್ಕನವರು ಹಾಜರಿ ಗುರುತು ಹಾಕುತ್ತಾ ಹೇಳಿದರು: "ನಾನು ಜಾಣೆ ಅಂತ ಯಾರೂ ನನ್ನ ಓದಾಕೆ ಕಳಿಸಲಿಲ್ಲ. ಅಣ್ಣ ಗಾಡಿ ಕಟ್ಟಿದ, ಹೋದೆ. ಆಸೆ ಎಲ್ಲಾ ಮಕ್ಕಳಿಗೂ ಐತೆ ಮೇಷ್ಟ್ರೇ. ದಾರಿ ಇಲ್ಲ ಅಷ್ಟೇ."

ಅವರ ಈ ನಂಬಿಕೆಗೆ ನಿಜವಾದ ಪರೀಕ್ಷೆ ಬಂದದ್ದು ೧೯೭೬ರ ಸಂಕ್ರಾಂತಿಯ ಹೊತ್ತಿಗೆ. ಹಟ್ಟಿಯ ಚಿತ್ತಪ್ಪ ಮತ್ತು ಕೆಂಚಕ್ಕನ ಮಗಳು ಜುಂಜಮ್ಮ ಆಗ ಹತ್ತನೇ ತರಗತಿಯಲ್ಲಿದ್ದಳು. ಆ ಹಟ್ಟಿಯಿಂದ ಹತ್ತನೆಯವರೆಗೆ ಬಂದ ಮೊದಲ ಹುಡುಗಿ. ಆದರೆ ಸುಗ್ಗಿ ಮುಗಿದ ಮೇಲೆ ಚಿತ್ತಪ್ಪ ಪ್ರತಿವರ್ಷ ಕುರಿ ಹೊಡೆದುಕೊಂಡು ದಾವಣಗೆರೆಯ ಕಡೆಯ ಗದ್ದೆ ಬಯಲಿಗೆ ಹೋಗುತ್ತಿದ್ದ. ಕೊಯ್ಲಾದ ಗದ್ದೆಯಲ್ಲಿ ಕುರಿ ಹಗಲು ಮೇಯುತ್ತವೆ, ರಾತ್ರಿ ಅಲ್ಲೇ ತಂಗುತ್ತವೆ. ಹಿಕ್ಕೆ, ಗಂಜಲ ಹೊಲಕ್ಕೆ ಗೊಬ್ಬರವಾಗುತ್ತವೆ. ಹೊಲದವರು ಕುರಿಗಾರರಿಗೆ ರಾಗಿಯನ್ನೋ ಭತ್ತವನ್ನೋ ಕೊಡುತ್ತಾರೆ. ಇದಕ್ಕೆ ಮಂದೆ ಹಾಕುವುದು ಎನ್ನುತ್ತಾರೆ. ಪ್ರತಿವರ್ಷ ಜೊತೆಗೆ ಹೋಗುತ್ತಿದ್ದ ಸೊಸೆ ಆ ವರ್ಷ ಬಸುರಿ. ಅಡಿಗೆ ಮಾಡಲು, ಮರಿ ನೋಡಿಕೊಳ್ಳಲು ಜುಂಜಮ್ಮನೂ ಹೋಗಲೇಬೇಕಾಗಿತ್ತು. ಹೋದರೆ ತಿರುಗಿ ಬರುವುದು ಯುಗಾದಿ ಕಳೆದ ಮೇಲೆ. ಪರೀಕ್ಷೆ ಅಷ್ಟರಲ್ಲಿ ಮುಗಿದಿರುತ್ತದೆ.

ಸಿದ್ದಕ್ಕನವರು ನನ್ನನ್ನೂ ಗೊಲ್ಲಪ್ಪನವರನ್ನೂ ಕರೆದುಕೊಂಡು ಹಟ್ಟಿಗೆ ಹೋದರು. ಅಲ್ಲಿಯವರು ಹಟ್ಟಿಯ ಮುಂದಿನ ಕಲ್ಲಿನ ಮೇಲೆ ನಮ್ಮನ್ನು ಕೂರಿಸಿ ಮಜ್ಜಿಗೆ ಕೊಟ್ಟರು.

"ಹುಡುಗೀನ ನಮ್ಮ ಮನೇಲಿ ಬಿಡ್ರಿ ಚಿತ್ತಪ್ಪ. ಪರೀಕ್ಷೆ ಬರೆಸಿ ನಾನೇ ತಂದು ಒಪ್ಪಿಸ್ತೀನಿ," ಎಂದರು ಸಿದ್ದಕ್ಕನವರು.

ಉತ್ತರ ಕೊಟ್ಟವಳು ಕೆಂಚಕ್ಕ. "ಹುಡುಗೀನ ಬಿಡ್ತೀನಿ ಅಕ್ಕೋರೇ. ಮರಿ ಯಾರು ನೋಡ್ತಾರೆ? ಅವನ್ನೂ ನಿಮ್ಮ ಮನೇಲೇ ಇಟ್ಕಂತೀರೇನು? ನಿಮ್ಮ ಚಾಪೆ ಮ್ಯಾಲೆ ಮಲಗ್ತವೆ, ನಿಮ್ಮ ಪುಸ್ತಕ ತಿಂತವೆ!"

ಸುತ್ತ ನಿಂತವರೆಲ್ಲ ನಕ್ಕರು. ಸಿದ್ದಕ್ಕನವರೂ ನಕ್ಕು, "ನಮ್ಮ ಕೆಲವು ಪುಸ್ತಕ ಅವು ತಿಂದ್ರೇ ಒಳ್ಳೇದು," ಎಂದರು. ಆಮೇಲೆ ಕೇಳಿದರು: "ಮರಿ, ಕುರಿ, ನೀವು, ಎಲ್ಲಾ ಇಲ್ಲೇ ಇದ್ರೆ?"

"ಇಲ್ಲಿ ನಮ್ಮನ್ನ ಕರೆಯೋರು ಯಾರದಾರೆ?" ಎಂದ ಚಿತ್ತಪ್ಪ. "ನಾಲೆ ರೈತರಿಗೆ ಈಗ ಚೀಲದ ಗೊಬ್ಬರ ರುಚಿ ಹತ್ತೈತೆ. ಕುರಿ ಕಂಡ್ರೆ ಮೂಗು ಮುಚ್ಕಂತಾರೆ."

ಮರುದಿನ ಸಂಜೆ ಸಿದ್ದಕ್ಕನವರು ಈರಬಸಪ್ಪನವರ ಮನೆಗೆ ಹೋದರು. ನಾಲೆಯ ಕೆಳಗೆ ಹೆಚ್ಚು ಗದ್ದೆ ಇದ್ದ, ಉಳಿದ ರೈತರು ಮಾತು ಕೇಳುವಂಥ ಹಿರಿಯರು ಅವರು.

"ಏನ್ರಿ ಮೇಡಮ್ಮಾರೇ, ಶಾಲೆ ಬಿಟ್ಟು ಕುರಿ ದಲ್ಲಾಳಿ ಆದ್ರೇನು?"

"ನೀವು ಕುರಿ ಗೊಬ್ಬರ ಮರೆತ ಮೇಲೆ ಯಾರಾದ್ರೂ ನೆನಪು ಮಾಡಬೇಕಲ್ರಿ. ನಿಮ್ಮಪ್ಪಾರ ಕಾಲದಾಗೆ ಈ ಗದ್ದೆ ಹೆಂಗ್ ಬೆಳೀತಿತ್ತು ಅಂತ ನೀವೇ ಹೇಳ್ತಿದ್ರಿ."

ಈರಬಸಪ್ಪ ಮೀಸೆಯೊಳಗೇ ನಕ್ಕು ಒಪ್ಪಿದರು. ಅವರು ಒಪ್ಪಿದ ಮೇಲೆ ಸಾಲಿನಲ್ಲಿದ್ದ ಉಳಿದ ಗದ್ದೆಯವರೂ ಒಪ್ಪಿದರು. ಒಬ್ಬರಾದ ಮೇಲೆ ಒಬ್ಬರ ಗದ್ದೆಯಲ್ಲಿ ತಂಗುತ್ತಾ ಹೋದರೆ ಪರೀಕ್ಷೆಯವರೆಗೆ ಮಂದೆ ಶಾಲೆಯ ಸುತ್ತಮುತ್ತಲೇ ಉಳಿಯುತ್ತದೆ. ಭಾನುವಾರ ಈರಬಸಪ್ಪನವರ ಗದ್ದೆಯಿಂದ ಹುಲ್ಲು ಸಾಗಿಸುತ್ತಾರೆ, ಸೋಮವಾರ ಮಂದೆ ಬರಲಿ ಎಂದು ಸಿದ್ದಕ್ಕನವರೇ ನಿಗದಿ ಮಾಡಿದರು. ಹಟ್ಟಿಗೆ ಹೋಗಿ ತಿಳಿಸಿದಾಗ ಚಿತ್ತಪ್ಪ ತಲೆಯಾಡಿಸಿದ.

ಸೋಮವಾರ ಮಂದೆ ಬರಲಿಲ್ಲ. ಈರಬಸಪ್ಪ ಹೊತ್ತು ಮುಳುಗುವವರೆಗೆ ಬದುವಿನ ಮೇಲೆ ಕಾದರು. ದಾರಿಯಲ್ಲಿ ಹೋಗುವವರು, "ಗೌಡ್ರು ಕುರಿ ಕಾಯಾಕೆ ನಿಂತವ್ರೆ, ಕುರಿನೇ ಇಲ್ಲ!" ಎಂದು ಆಡಿಕೊಂಡರಂತೆ. ಮಂಗಳವಾರ ಬೆಳಿಗ್ಗೆ ಅವರು ಸಿಟ್ಟಿನಲ್ಲಿ ಗದ್ದೆಗೆ ನಾಲೆಯ ನೀರು ಬಿಟ್ಟುಬಿಟ್ಟರು. ಅದೇ ಮಧ್ಯಾಹ್ನ ಚಿತ್ತಪ್ಪ ಕುರಿ ಹೊಡೆದುಕೊಂಡು ಬಂದ. ಕೆಸರಿನಲ್ಲಿ ಕುರಿ ಮಲಗುವುದಿಲ್ಲ. ಗದ್ದೆ ನೋಡಿ ಮಂದೆಯನ್ನು ತಿರುಗಿಸಿದ. ನಾಳೆ ಬೆಳಿಗ್ಗೆ ದಾವಣಗೆರೆ ಕಡೆ ಹೊರಡುತ್ತೇವೆಂದು ಮಗಳಿಗೆ ಹೇಳಿದ. ಜುಂಜಮ್ಮ ಸಂಜೆಗೆ ಮುಂಚೆ ಶಾಲೆಗೆ ಬಂದು ಲೈಬ್ರರಿಯ ಪುಸ್ತಕಗಳನ್ನು ಹಿಂದಿರುಗಿಸಿದಳು. ಅಳಲಿಲ್ಲ. ಅದೇ ನಮಗೆ ಕಷ್ಟವಾಯಿತು.

"ನಿಮ್ಮಪ್ಪ ಸೋಮವಾರ ಯಾಕೆ ಬರಲಿಲ್ಲ?" ಎಂದು ಸಿದ್ದಕ್ಕನವರು ಕೇಳಿದರು.

"ಸೋಮವಾರ ನಮ್ಮ ಮನೆತನದಾಗೆ ಕುರಿ ರೊಪ್ಪ ಕೀಳಾಂಗಿಲ್ಲ ಮೇಡಂ. ದೇವ್ರ ವಾರ. ಕುರಿ ಇದ್ದಲ್ಲೇ ಇರಬೇಕು."

"ಅವತ್ತೇ ಹೇಳಬಾರದಾ?"

"ಅಪ್ಪ ಹೇಳಾಕೆ ಬಾಯಿ ತೆಗೆದಿದ್ದ. ನೀವು ಅಷ್ಟೆಲ್ಲಾ ಓಡಾಡಿದ್ರಿ. ಅಕ್ಕೋರ ಮಾತಿಗೆ ಎದುರು ಹೇಳಬಾರದು ಅಂತ ಸುಮ್ಮನಾದ."

ಸಿದ್ದಕ್ಕನವರು ಕುರ್ಚಿಯಲ್ಲಿ ಕೂತರು. "ನಮ್ಮಪ್ಪ ಸೋಮವಾರ ಎತ್ತಿನ ಹೆಗಲಿಗೆ ನೊಗ ಮುಟ್ಟಿಸ್ತಿರಲಿಲ್ಲ," ಎಂದರು. "ಬಸವಣ್ಣನ ವಾರ ಅಂತ. ಅದೇ ಮನೇಲಿ ಬೆಳೆದೋಳು ನಾನು. ಎತ್ತಿಗೆ ವಾರ ಐತೆ, ಕುರಿಗೆ ಇರಲ್ಲ ಅಂದ್ಕಂಡೆ ನೋಡ್ರಿ." ನನ್ನ ಕಡೆ ತಿರುಗಿ ಹೇಳಿದರು: "ಒಳ್ಳೇದು ಮಾಡ್ತೀವಿ ಅನ್ನೋ ಭರದಾಗೆ ಕೇಳೋದು ಬಿಟ್ಟುಬಿಡ್ತೀವಿ ಮೇಷ್ಟ್ರೇ. ಆಗ ನಮ್ಮ ದಯೆನೂ ಒಂದು ಹುಕುಂ ಆಗಿಬಿಡ್ತದೆ. ನಡೀರಿ, ಹೋಗಾಣ. ಜುಂಜಮ್ಮ, ಓಡಿಹೋಗಿ ನಿಮ್ಮಪ್ಪನ್ನ ಕರ್ಕಂಬಾ, ಈರಬಸಪ್ಪನೋರ ಕಣಕ್ಕೆ."

ಕಣದಲ್ಲಿ ಈರಬಸಪ್ಪ ಹುಲ್ಲಿನ ಬಣವೆಗೆ ಒರಗಿ ಕೂತಿದ್ದರು. ಚಿತ್ತಪ್ಪ ದೂರದಲ್ಲೇ ಕೋಲೂರಿ ನಿಂತ.

"ತಪ್ಪು ನಂದು," ಎಂದರು ಸಿದ್ದಕ್ಕ. "ಇವರನ್ನ ಕೇಳದೆ ವಾರ ಗೊತ್ತು ಮಾಡಿದೋಳು ನಾನು."

"ನಿಮ್ಮದೇನು ತಪ್ಪು? ಕೊಟ್ಟ ಮಾತು ತಪ್ಪಿದೋನು ಅವನು," ಎಂದು ಈರಬಸಪ್ಪ ಮುಖ ತಿರುಗಿಸಿದರು.

ಚಿತ್ತಪ್ಪ ನೆಲ ನೋಡಿದ. ಸಿದ್ದಕ್ಕನವರು ಈ ಸಲ ನಡುವೆ ಬಾಯಿ ಹಾಕಲಿಲ್ಲ. ಜುಂಜಮ್ಮನ ಕಡೆ ನೋಡಿ, "ನೀನೇ ಹೇಳವ್ವ," ಎಂದರು.

ಹುಡುಗಿ ಎರಡು ಹೆಜ್ಜೆ ಮುಂದೆ ಬಂದಳು. "ಗೌಡ್ರೇ, ನೀವು ಸೋಮವಾರ ಎತ್ತು ಹೂಡ್ತೀರೇನ್ರಿ?"

"ಎಲ್ಲಾದ್ರೂ ಉಂಟಾ? ನಮ್ಮ ತಾತನ ಕಾಲದಿಂದ ಹೂಡಿಲ್ಲ."

"ಯಾರಾದ್ರೂ 'ಮಾತು ಕೊಟ್ಟೀಯಲ್ಲ, ಹೂಡು' ಅಂದ್ರೆ?"

"ಕುತ್ತಿಗೆ ಕುಯ್ದ್ರೂ ಹೂಡಲ್ಲ."

"ನಮಗೂ ಹಂಗೇ ರೀ. ಸೋಮವಾರ ನಮ್ಮ ಕುರಿ ಕದಲಾಂಗಿಲ್ಲ."

ಈರಬಸಪ್ಪ ಹೊಟ್ಟೆ ಕುಲುಕುವಂತೆ ನಗತೊಡಗಿದರು. "ಲೇ ಚಿತ್ತಪ್ಪ, ಇಷ್ಟು ಹೇಳಾಕೆ ನಿನಗೆ ಬಾಯಿ ಇರಲಿಲ್ಲೇನೋ? ಮಗಳನ್ನ ಕರ್ಕಂಡು ಬರಬೇಕಾಯ್ತಾ?"

"ನನಗೂ ಬಾಯಿ ಐತೆ ಗೌಡ್ರೇ. ಕುರಿ ಮುಂದೆ ಬಿಟ್ರೆ ಬೇರೆಲ್ಲೂ ಓಡಲ್ಲ."

"ಮೇಡಮ್ಮಾರೇ, ಈ ಹುಡುಗಿ ಪರೀಕ್ಷೆ ಬರೀಬೇಕು ಕಣ್ರೀ. ಬರೀದಿದ್ರೆ ನಮ್ಮ ತಲೆ ಮ್ಯಾಲೆ ಕೂರ್ತಾಳೆ," ಎಂದರು ಈರಬಸಪ್ಪ.

ನೀರು ಬಿಟ್ಟ ಗದ್ದೆ ಒಣಗುವವರೆಗೆ ನಾಲೆಯ ಮೇಲಿನ ರಾಗಿ ಹೊಲದಲ್ಲಿ ಮಂದೆ ಹಾಕುವಂತೆ ಹೇಳಿದರು. ಉಳಿದವರ ಸರದಿಯನ್ನು ಚಿತ್ತಪ್ಪನೇ ಹೇಳಿದ. ಸಿದ್ದಕ್ಕನವರು ತಲೆಯಾಡಿಸಿದರು. ಆ ದಿನದಿಂದ ಸೋಮವಾರ ಮಂದೆ ಕದಲಲಿಲ್ಲ.

ಮುಂದಿನ ತಿಂಗಳುಗಳಲ್ಲಿ ಜುಂಜಮ್ಮ ಬೆಳಿಗ್ಗೆ ಮರಿಗಳಿಗೆ ಹಾಲುಣಿಸಿ, ರೊಟ್ಟಿ ಬಡಿದಿಟ್ಟು, ಗದ್ದೆಯ ಬದುವಿನ ಮೇಲೆ ನಡೆದು ಶಾಲೆಗೆ ಬರುತ್ತಿದ್ದಳು. ಗಣಿತದಲ್ಲಿ ಹಿಂದಿದ್ದಳು. ನಾನು ಶಾಲೆ ಬಿಟ್ಟ ಮೇಲೆ ಮಂದೆಯ ಹತ್ತಿರವೇ ಹೋಗಿ ಲೆಕ್ಕ ಹೇಳಿಕೊಡುತ್ತಿದ್ದೆ. ಕೆಂಚಕ್ಕ ಒಲೆಯ ಮುಂದೆ ಕೂತು, "ಇನ್ನೊಂದ್ ಸಲ ಹೇಳ್ರಿ ಮೇಷ್ಟ್ರೇ, ನನಗೇ ತಿಳೀತು, ಅವಳಿಗೆ ತಿಳೀಲಿಲ್ಲ," ಎಂದು ಮಗಳನ್ನು ರೇಗಿಸುತ್ತಿದ್ದಳು.

ಹಿರಿಯೂರಿನ ಪರೀಕ್ಷಾ ಕೇಂದ್ರಕ್ಕೆ ಎಲ್ಲ ಮಕ್ಕಳನ್ನೂ ಸಿದ್ದಕ್ಕನವರೇ ಕರೆದುಕೊಂಡು ಹೋದರು. ಫಲಿತಾಂಶದಲ್ಲಿ ಮೂವರು ಫೇಲಾಗಿದ್ದರು. ಜುಂಜಮ್ಮ ಪಾಸಾಗಿದ್ದಳು. ಹಟ್ಟಿಯವರು ಸಂಭ್ರಮಪಡುವಾಗ ಸಿದ್ದಕ್ಕನವರು ಮೊದಲು ಆ ಮೂವರ ಮನೆಗೆ ಹೋಗಿಬಂದರು. "ಗೆದ್ದೋರಿಗೆ ಜನ ಅವ್ರೆ," ಎಂದರು. ಆ ಮೂವರಲ್ಲಿ ಇಬ್ಬರು ಅಕ್ಟೋಬರಿನಲ್ಲಿ ಪಾಸಾದರು. ಮರುವರ್ಷ ಸಂಕ್ರಾಂತಿಗೆ ಈರಬಸಪ್ಪನವರೇ ಹಟ್ಟಿಗೆ ಹೇಳಿಕಳಿಸಿ ಮಂದೆ ಕರೆಸಿಕೊಂಡರು. ಹಟ್ಟಿಯ ಇನ್ನಿಬ್ಬರು ಹುಡುಗಿಯರು ಆಗ ಒಂಬತ್ತನೆಯಲ್ಲಿದ್ದರು. ಜುಂಜಮ್ಮ ಚಿತ್ರದುರ್ಗದಲ್ಲಿ ಟೀಚರ್ ಟ್ರೇನಿಂಗ್ ಮುಗಿಸಿ ಈಗ ಕೆಲಸಕ್ಕೆ ಅರ್ಜಿ ಹಾಕಿದ್ದಾಳೆ.

ಸಿದ್ದಕ್ಕನವರಿಗೆ ಹೋದ ವರ್ಷ, ೧೯೭೮ರಲ್ಲಿ, ಹೊಸದುರ್ಗ ತಾಲ್ಲೂಕಿಗೆ ವರ್ಗವಾಯಿತು. ಈಗ ಅಲ್ಲಿಯ ಒಂದು ಹೈಸ್ಕೂಲಿನಲ್ಲಿ ಹೆಡ್‌ಮಿಸ್ಟ್ರೆಸ್ ಆಗಿದ್ದಾರೆ. ಹತ್ತನೇ ತರಗತಿಗೆ ಚರಿತ್ರೆ ಪಾಠ ಮಾಡುತ್ತಾರೆ. ಶನಿವಾರ ಮಧ್ಯಾಹ್ನ, ಓದು ಬಿಟ್ಟ ಮಕ್ಕಳ ಮನೆಗಳಿಗೆ ಹೋಗಿ ಅವರ ತಂದೆತಾಯಿಯರ ಮಾತು ಕೇಳಿ ಬರುತ್ತಾರೆ.