ನೀರು ಹೊತ್ತು ಕಳಸೂಬಾಯಿಗೆ

ಭಾಲ್ಕಿ ರೈಲು ನಿಲ್ದಾಣದಲ್ಲಿ ಅಂದು ಸಂಜೆ ಮುಂಬೈ ಗಾಡಿಗೆ ಎರಡು ಬಗೆಯ ಜನ ಕಾಯುತ್ತಿದ್ದರು. ಕೊಡ, ಚಾಪೆ, ಮಕ್ಕಳನ್ನು ಕಟ್ಟಿಕೊಂಡು ದುಡಿಯಲು ಹೊರಟವರು ಪ್ಲಾಟ್‌ಫಾರ್ಮಿನ ತುಂಬ. ಗುಡ್ಡ ಹತ್ತಲು ಹೊರಟವರು ನಾನು ಮತ್ತು ರಮಾ, ಇಬ್ಬರೇ. ಬರ ಬಿದ್ದ ಎರಡನೆಯ ವರ್ಷ, ಮಾರ್ಚ್ ತಿಂಗಳು. ನಮ್ಮ ಉಳಿದ ಇಬ್ಬರು ಗೆಳತಿಯರು, ನೌಬಾದದ ನರ್ಸ್ ಸುಶೀಲಾ ಮತ್ತು ಕರೆಂಟ್ ಆಫೀಸಿನ ಶಕುಂತಲಾ, ಬೀದರಿನಲ್ಲೇ ಹತ್ತಿ ನಮಗೂ ಜಾಗ ಹಿಡಿದಿದ್ದರು.

ನಾಲ್ವರೂ ಬೀದರಿನ ಒಂದೇ ಹಾಸ್ಟೆಲಿನಲ್ಲಿ ಓದಿದವರು. ನಾಲ್ವರೂ ತಂತಮ್ಮ ಮನೆಯ ಮೊದಲ ಪದವೀಧರರು. ನಮ್ಮ ತಂದೆತಾಯಿ ಪುಣೆ, ಕಲ್ಯಾಣ ಎಲ್ಲ ಕಂಡವರೇ, ಆದರೆ ತಲೆಯ ಮೇಲೆ ಇಟ್ಟಿಗೆ ಹೊತ್ತು ಕಂಡವರು. ನೋಡುವುದಕ್ಕೆಂದೇ ಊರು ಬಿಟ್ಟವರು ನಾವೇ ಮೊದಲು. ಮಹಾರಾಷ್ಟ್ರದ ಅತಿ ಎತ್ತರದ ಗುಡ್ಡ ಕಳಸೂಬಾಯಿಯನ್ನೇ ಹತ್ತಬೇಕೆಂದು ಹಟ ಹಿಡಿದವಳು ನಾನು. ಹಾಗಾಗಿ ಔರಾದಿಗೆ ಹೋಗಿ ರಮಾಳ ಅತ್ತೆಯನ್ನು, ನಾವೆಲ್ಲ ಆಯಿ ಎನ್ನುವವರನ್ನು, ಒಪ್ಪಿಸುವ ಕೆಲಸವೂ ನನ್ನ ಪಾಲಿಗೇ ಬಂತು.

"ದುಡಿಲಾಕ ಹೋಗಿ ದಣದವರನ್ನ ನೋಡೀನಿ. ರೊಕ್ಕ ಕೊಟ್ಟು ದಣಿಲಾಕ ಹೋಗೋರನ್ನ ಈಗ ನೋಡ್ಲತ್ತೀನಿ," ಎಂದು ಆಯಿ ನಕ್ಕರು. ಆಮೇಲೆ ನಗು ನಿಲ್ಲಿಸಿ, ಶಾಲೆಯ ಟೀಚರಾದ ನನಗೆ ಹೇಳಿದರು: "ಬಾಯಾರೆ, ನನ್ನ ಸೊಸಿ ಹೋದಂಗ ಬರಬೇಕು. ಏನರೆ ಹೆಚ್ಚುಕಮ್ಮಿ ಆತು ಅಂದ್ರ, ನನ್ನ ಮಮ್ಮಗಳು ಬೀದರಿಗೆ ಓದಲಾಕ ಹೋಗೋ ಮಾತು ಮತ್ತ ತೆಗೀಬ್ಯಾಡ್ರಿ."

ರಮಾಳ ಮಗಳು ಆಗ ಹತ್ತನೆಯ ತರಗತಿ. ಹಾಸ್ಟೆಲು ಸೇರುವ ಕನಸಿನಲ್ಲಿದ್ದಳು. ಆ ಮಾತನ್ನು ನಾನು ಚೀಲದಂತೆ ಬೆನ್ನಿಗೆ ಹಾಕಿಕೊಂಡೇ ಹೊರಟೆ.

ಗಾಡಿಯಲ್ಲಿ ಎದುರಿಗೆ ಕೂತಿದ್ದ ಹೆಂಗಸು ನಮ್ಮ ಗಂಟುಗಳನ್ನು ನೋಡಿ, "ಯಾವ ಸೈಟಿಗ್ರೆವ್ವಾ?" ಎಂದಳು.

"ಸೈಟಿಗಲ್ರಿ, ಗುಡ್ಡ ಹತ್ತಲಾಕ," ಎಂದಳು ರಮಾ.

"ಪಗಾರ ಎಷ್ಟು?"

"ನಾವೇ ಕೊಡಬೇಕ್ರಿ!"

ಆಕೆ ಸೆರಗು ಬಾಯಿಗಿಟ್ಟು ನಕ್ಕಿದ್ದು ಉದಗೀರ ದಾಟಿದರೂ ನಿಲ್ಲಲಿಲ್ಲ.

ಬೆಳಿಗ್ಗೆ ಕಲ್ಯಾಣದಲ್ಲಿಳಿದು ಲೋಕಲ್ ಗಾಡಿಯಲ್ಲಿ ಕಸಾರಾಕ್ಕೆ ಹೋದೆವು. ಅಲ್ಲಿಂದ ಗುಡ್ಡದ ಬುಡದ ಬಾರಿ ಎಂಬ ಹಳ್ಳಿಗೆ ಜೀಪು, ತಲೆಗೆ ನೂರು ರೂಪಾಯಿ. ಹಿರಾಬಾಯಿ ಎಂಬ ಹೆಣ್ಣುಮಗಳ ಮನೆಯಲ್ಲಿ ಉಳಿದೆವು. ನಮಗೆ ದಾರಿ ತೋರಿಸುವವಳೂ ಅವಳೇ. ರಾಗಿ ಭಾಕ್ರಿ, ಹಸಿಮೆಣಸಿನಕಾಯಿ ಠೇಚಾ ಬಡಿಸಿದಳು. ಗಡಿಯೂರಾದ ಔರಾದಿನ ರಮಾಳ ಮರಾಠಿ ಅಲ್ಲಿ ನಾಲ್ವರ ಹೊಟ್ಟೆ ತುಂಬಿಸಿತು.

ಮರುದಿನ ನಸುಕಿನಲ್ಲಿ ಹೊರಡುವಾಗ ಹಿರಾಬಾಯಿ ನನ್ನ ಚೀಲ ಎತ್ತಿ ನೋಡಿ ಹೌಹಾರಿದಳು. ಒಳಗೆ ಐದು ಲೀಟರಿನ ನೀರಿನ ಕ್ಯಾನು. ನಾಲ್ವರ ಬೆನ್ನ ಮೇಲೂ ಅಷ್ಟಷ್ಟು. ಮೇಲೆ ಬಾವಿ ಇದೆ, ಇಷ್ಟೇಕೆ ಎಂದಳು. ಗುಡ್ಡದ ತುದಿಯ ಬಾವಿಯಲ್ಲಿ ಮಾರ್ಚ್ ತಿಂಗಳು ನೀರಿರುತ್ತದೆಂದು ಭಾಲ್ಕಿಯವರು ಯಾರೂ ನಂಬುವುದಿಲ್ಲ. ನಮ್ಮ ಓಣಿಗೆ ಟ್ಯಾಂಕರು ವಾರಕ್ಕೊಮ್ಮೆ ಬರುತ್ತಿತ್ತು. ನೀರು ಬಿಟ್ಟು ಹೊರಡುವುದು ನಮಗೆ ಚಪ್ಪಲಿ ಬಿಟ್ಟು ಹೊರಟಂತೆ. ಮಳೆಗೆ ಮಾತ್ರ ಒಬ್ಬರೂ ಏನೂ ತಂದಿರಲಿಲ್ಲ. ಹತ್ತಿಯ ಚೂಡಿದಾರ, ಬಿಸಿಲಿಗೆ ಒಂದು ಟವೆಲು, ಅಷ್ಟೇ.

ಕಡಿದಾದ ಬಂಡೆಗಳಿಗೆ ಕಬ್ಬಿಣದ ಏಣಿಗಳಿವೆ. ಎರಡು ಏಣಿ ದಾಟುವವರೆಗೂ ರಮಾಳ ಬಾಯಿ ನಿಂತಿರಲಿಲ್ಲ. "ಶಕುಂತಲಾ, ಹಿಂದ ನೋಡಬ್ಯಾಡ, ನಿಮ್ಮ ಸಾಹೇಬ ಬೆನ್ನು ಹತ್ತ್ಯಾನ!" ಎಂದು ಕಾಡುತ್ತಿದ್ದಳು. ಅಷ್ಟರಲ್ಲಿ ಪಶ್ಚಿಮಕ್ಕೆ ಮುಗಿಲು ಎಮ್ಮೆಯಂತೆ ಕಪ್ಪಾಯಿತು. ಗಾಳಿ ಬಂತು, ಮಳೆ ಬಂತು, ಮಳೆಯ ಹಿಂದೆಯೇ ಆಲಿಕಲ್ಲು. ನಿಂಬೆಕಾಯಿ ಗಾತ್ರದವು ಬಂಡೆಗೆ ಬಡಿದು ಪುಟಿದು ಮುಖಕ್ಕೆ ಹೊಡೆಯುತ್ತಿದ್ದವು. ಚಾಚಿದ ಒಂದು ಬಂಡೆಯ ಕೆಳಗೆ ಐವರೂ ತೂರಿಕೊಂಡೆವು. ಕಲ್ಲು ನಿಂತರೂ ಮಳೆ ನಿಲ್ಲಲಿಲ್ಲ. ಕಾಲ ಕೆಳಗೆಲ್ಲ ಬೆಳ್ಳಗಾಗಿತ್ತು. ಅಂಥ ಚಳಿಯನ್ನು ನಮ್ಮ ಮೈ ಅಲ್ಲಿಯವರೆಗೆ ಕಂಡಿರಲಿಲ್ಲ.

ಕೊನೆಯ ಏಣಿ ಅಲ್ಲಿಂದ ಕಾಣುತ್ತಿತ್ತು. ಅದರಾಚೆ ತುದಿ. ಮಳೆ ಇಳಿದರೆ ಒಂದೇ ದಮ್ಮಿಗೆ ಮುಟ್ಟಬಹುದೆಂದು ನಾನು ಲೆಕ್ಕ ಹಾಕುತ್ತಿದ್ದೆ.

ಸುಶೀಲಾ ನನ್ನ ಮೊಣಕೈ ಜಗ್ಗಿದಳು. "ರಮಾ ಮಾತಾಡ್ಲತ್ತಿಲ್ಲ ನೋಡು."

ರಮಾ ಬಂಡೆಗೆ ಒರಗಿ ಕಣ್ಣು ಮುಚ್ಚಿದ್ದಳು. ತುಟಿ ನೇರಳೆಹಣ್ಣು. "ಸ್ವಲ್ಪ ಮಲಗ್ತೇನಿ," ಎಂದಳು, ನಾಲಿಗೆ ತೊದಲುತ್ತಿತ್ತು.

"ನಡುಗೋದೂ ನಿಂತದ. ಇದು ಚಲೋ ಅಲ್ಲ. ಇಲ್ಲೇ ಕೂತ್ರ ಕೈ ಬಿಟ್ಟು ಹೋಗ್ತಾಳ," ಎಂದಳು ಸುಶೀಲಾ.

ತುದಿಯ ಕಡೆ ಮತ್ತೆ ನೋಡಲಿಲ್ಲ. "ಇಳೀರಿ," ಎಂದೆ.

ಏಣಿಯ ತಲೆಗೆ ಬಂದಾಗ ಗೊತ್ತಾಯಿತು, ಬೆನ್ನ ಮೇಲಿನ ಭಾರ ನಮ್ಮನ್ನು ಹಿಂದಕ್ಕೆ ಜಗ್ಗುತ್ತಿತ್ತು. ಮೆಟ್ಟಿಲು ಜಾರುತ್ತಿತ್ತು. ನೀರು ಚೆಲ್ಲಿ ಎಂದು ಹಿರಾಬಾಯಿ ಕೂಗಿದಳು. ನಾನೂ ಚೆಲ್ಲಿರಿ ಎಂದೆ. ಆದರೆ ನನ್ನ ಕೈ ಮುಚ್ಚಳಕ್ಕೆ ಹೋಗಲಿಲ್ಲ. ಶಕುಂತಲಾ ಕ್ಯಾನು ಬಿಚ್ಚಿದವಳು ಚೆಲ್ಲದೆ ಗಟಗಟ ಕುಡಿಯತೊಡಗಿದಳು. ಅವಳನ್ನು ನೋಡಿ ನಾನೂ ಕುಡಿದೆ. ಮೇಲೆ ಮಳೆ ಹೊಯ್ಯುತ್ತಿದೆ, ಹಲ್ಲು ಕಟಕಟ ಎನ್ನುತ್ತಿವೆ, ನಾವು ನೀರು ಹಾಳಾಗಬಾರದೆಂದು ಕುಡಿಯುತ್ತಿದ್ದೇವೆ!

"ಹುಚ್ಚ ಹಿಡದದೇನ್ರೇ ನಿಮಗ! ಹೊರಗ ತೊಯ್ದದ್ದು ಸಾಲದಂತ ಒಳಗೂ ತಣ್ಣಗ ಮಾಡ್ಕೋತೀರಾ?" ಸುಶೀಲಾ ಕಿರುಚಿದಳು.

ಕೊನೆಗೆ ಶಕುಂತಲಾ ಅತ್ತಿತ್ತ ನೋಡಿ, ಒಂದು ಗಿಡ ಹುಡುಕಿ ಅದರ ಬುಡಕ್ಕೆ ಸುರಿದಳು. ಒಬ್ಬರ ಹಿಂದೊಬ್ಬರು ಅದೇ ಗಿಡಕ್ಕೆ ಹಾಕಿದೆವು. ಆ ಗಿಡ ಏನೆಂದುಕೊಂಡಿತೋ!

ಹಗುರಾಗಿ ಇಳಿದೆವು. ರಮಾಳ ಕೆಳಗೆ ಹಿರಾಬಾಯಿ. ರಮಾಳ ಪಾದಗಳನ್ನು ಒಂದೊಂದಾಗಿ ಮೆಟ್ಟಿಲ ಮೇಲಿಟ್ಟಳು. ಮೇಲೆ ನಾನು; ಟವೆಲುಗಳನ್ನು ಗಂಟು ಹಾಕಿ ಅವಳ ಕಂಕುಳಿಗೆ ಕಟ್ಟಿ ಹಿಡಿದಿದ್ದೆ. ಎರಡೂ ಏಣಿ ಹೀಗೇ. ಕೆಳಗೆ ಚಹಾ ಮಾರುವವರ ಖಾಲಿ ಗುಡಿಸಲಿತ್ತು. ಸುಶೀಲಾ ರಮಾಳ ಒದ್ದೆ ಬಟ್ಟೆ ತೆಗೆಸಿ, ಪ್ಲಾಸ್ಟಿಕ್ಕಿನೊಳಗೆ ತೊಯ್ಯದೆ ಉಳಿದಿದ್ದ, ಬುತ್ತಿ ಕಟ್ಟಿ ತಂದ ದುಪ್ಪಟಿ ಸುತ್ತಿದಳು. ಎರಡೂ ಕಡೆ ನಾವು ಒತ್ತಿ ಕೂತೆವು. ಹಿರಾಬಾಯಿ ಒಲೆ ಹೊತ್ತಿಸಿದಳು. ಬೆಲ್ಲದ ಬಿಸಿನೀರು ಗುಟುಕು ಗುಟುಕಾಗಿ ಕುಡಿಸಿದ ಮೇಲೆ ರಮಾ ಗಡಗಡ ನಡುಗತೊಡಗಿದಳು. "ಬಂದಳು," ಎಂದಳು ಸುಶೀಲಾ. ಅವಳ ಕಣ್ಣಲ್ಲಿ ನೀರು.

ಸ್ವಲ್ಪ ಹೊತ್ತಿಗೆ ರಮಾ ಬಾಯಿ ಬಿಟ್ಟಳು: "ದುಪ್ಪಟಿ ರೊಟ್ಟಿ ನಾತ ಹೊಡಿಲತ್ತದ. ಹಸಿವ್ಯಾಗಲತ್ತದ ನನಗ."

ತುದಿ ಮುಟ್ಟದೆ ಮರಳಿದೆವು. ಗಾಡಿಯಲ್ಲಿ, ಅತ್ತೆಗೆ ಏನೂ ಹೇಳಬಾರದೆಂದು ನಾಲ್ವರೂ ಮಾತಾಡಿಕೊಂಡೆವು. ಭಾಲ್ಕಿಯಿಂದ ಔರಾದಿನ ಬಸ್ಸು ಹಿಡಿದು ರಮಾಳನ್ನು ಮನೆತನಕ ಬಿಡಲು ಹೋದೆ. ಆಯಿ ಸೊಸೆಯ ಕೆನ್ನೆಯ ಮೇಲಿನ ನೀಲಿ ಬಾವು ನೋಡಿ, "ಯಾರು ಹೊಡದರು?" ಎಂದರು. ರಮಾಳಿಗೆ ಅಷ್ಟೇ ಸಾಕಾಯಿತು. ಮಾತಾಡಿಕೊಂಡದ್ದೆಲ್ಲ ಮರೆತು ಏಣಿ, ದುಪ್ಪಟಿ, ಗಿಡ, ಎಲ್ಲ ಹೇಳಿಬಿಟ್ಟಳು. ನಾನು ನೆಲ ನೋಡುತ್ತ ಕೂತೆ. ಬಾಗಿಲಲ್ಲಿ ನಿಂತಿದ್ದ ಮಗಳು ಅಜ್ಜಿಯ ಮುಖವನ್ನೇ ನೋಡುತ್ತಿದ್ದಳು.

"ಮ್ಯಾಲ ಮುಟ್ಟಿದ್ರೇನು?" ಎಂದು ಆಯಿ ನನ್ನನ್ನು ಕೇಳಿದರು.

"ಇಲ್ರಿ. ಇಕಿನ ಹಿಡಕೊಂಡು ಇಳಿದಿವಿ."

ಆಯಿ ಬಾಗಿಲ ಕಡೆ ತಿರುಗಿದರು. ಮೊಮ್ಮಗಳಿಗೆ, "ಬಾಯಾರಿಗೆ ಚಹಾ ಮಾಡು. ಬೀದರ ಹಾಸ್ಟೆಲಿನಾಗ ಯಾರು ಮಾಡಿ ಕೊಡ್ತಾರ, ಈಗಿಂದೇ ಕಲಿ," ಎಂದು ಹೊರಗೆ ನಡೆದರು.

ಚಹಾ ಕುಡಿದು ನಾನು ಹೊರಬಿದ್ದಾಗ ಅವರು ಓಣಿಯ ಕಟ್ಟೆಯ ಮೇಲೆ ನಾಲ್ಕು ಹೆಂಗಸರ ನಡುವೆ ಕೂತಿದ್ದರು. ಎರಡೂ ಕೈ ಅಗಲಿಸಿ ಆಲಿಕಲ್ಲಿನ ಗಾತ್ರ ತೋರಿಸುತ್ತಿದ್ದರು. ತೆಂಗಿನಕಾಯಿಗಿಂತ ತುಸು ದೊಡ್ಡದೇ ಇತ್ತು.

"ಅಷ್ಟು ದೊಡ್ಡದು ಬಿದ್ದಿದ್ರ ನಿನ್ನ ಸೊಸಿ ತಲಿ ಉಳಿತಿತ್ತೇನು?" ಎಂದಳೊಬ್ಬಳು.

"ಉಳದದಲ! ಒಳಗ ಕೂತಾಳ, ಹೋಗಿ ನೋಡ್ಕೊಂಡು ಬಾ."