ಹುಬ್ಬೇರಿಸಿದ ತಪ್ಪಿಗೆ

ನಮ್ಮೂರಿನಲ್ಲಿ ‘ಹೂಂ’ ಎನ್ನುವುದಕ್ಕೆ ಬಾಯಿ ಬೇಕಾಗಿಲ್ಲ. ಹುಬ್ಬು ಮೇಲೇರಿದರೆ ಹೂಂ, ಮೂಗು ಸುಕ್ಕಾದರೆ ಊಹೂಂ. ಉತ್ತರ ಧ್ರುವದ ಹತ್ತಿರದ ಈ ಮೈನಸ್ ನಲವತ್ತರ ಚಳಿಯಲ್ಲಿ ಬಾಯಿ ತೆರೆದು ಒಳಗಿನ ಶಾಖವನ್ನು ಪೋಲು ಮಾಡುವ ದಡ್ಡರು ನಾವಲ್ಲ. ಹಾಗಾಗಿ ಮುಖವನ್ನು ಹದ್ದುಬಸ್ತಿನಲ್ಲಿ ಇಟ್ಟುಕೊಳ್ಳುವುದನ್ನು ಇಲ್ಲಿನ ಮಕ್ಕಳು ನಡೆಯುವುದಕ್ಕೆ ಮೊದಲೇ ಕಲಿಯುತ್ತವೆ. ಇಪ್ಪತ್ನಾಲ್ಕು ತುಂಬಿದರೂ ಕಲಿಯದವನು ನಾನೊಬ್ಬನೇ.

ಹೆಸರು ಪುತುಲಿಕ್. ನಮ್ಮ ಮಾತಿನಲ್ಲಿ ‘ತೂತುಳ್ಳವನು’ ಎಂದು ಅರ್ಥ. ಕೆಲಸ, ಊರಿನ ನೀರಿನ ಟ್ಯಾಂಕರ್ ಓಡಿಸುವುದು. ಯಾವ ಮನೆಯ ಹೊರಗೆ ಕೆಂಪು ದೀಪ ಹತ್ತಿಕೊಂಡಿದೆಯೋ ಆ ಮನೆಯ ತೊಟ್ಟಿ ಖಾಲಿ. ಹೋಗಿ, ಪೈಪು ಸಿಕ್ಕಿಸಿ, ತುಂಬಿಸಿ ಬರುತ್ತೇನೆ. ನೀರಿನ ವಿಷಯದಲ್ಲಿ ನನ್ನ ಪಾಂಡಿತ್ಯ ಅಲ್ಲಿಗೆ ಮುಗಿಯಿತು. ಅದು ಹೆಪ್ಪುಗಟ್ಟಿದ ಮೇಲೆ ಅದರ ಸ್ವಭಾವ ತಿಳಿದುಕೊಳ್ಳುವುದು ಬೇರೆಯವರ ಕೆಲಸ ಎಂದು ನಂಬಿಕೊಂಡಿದ್ದೆ.

ನನ್ನ ತಂಗಿ ಹಾಗೆ ನಂಬಿರಲಿಲ್ಲ.

ತಂಗಿಗೆ ಈಗ ಎಪ್ಪತ್ತಮೂರು ವರ್ಷ. ಹೆಸರು ಆಕಿನಿಸಿ. ಅವಳ ಒಡಹುಟ್ಟಿದ ಅಣ್ಣ, ಹಳೆಯ ಪುತುಲಿಕ್, ನಾನು ಹುಟ್ಟುವ ಒಂದು ತಿಂಗಳ ಮೊದಲು ತೀರಿಕೊಂಡ. ನಾನು ಹುಟ್ಟಿದ ದಿನ ಆಕಿನಿಸಿ ಬಂದು ಎತ್ತಿಕೊಂಡು, “ಬಂದ್ಯಾ ಅಣ್ಣಾ? ಬಹಳ ದಿನ ಕಾಯಿಸ್ಲಿಲ್ಲ ನೀನು” ಎಂದಳಂತೆ. ತೀರಿಕೊಂಡವರ ಹೆಸರು ಮಗುವಿಗೆ ಇಟ್ಟರೆ ನಮ್ಮಲ್ಲಿ ಅವರೇ ಮರಳಿ ಬಂದಂತೆ; ಹೆಸರಿನ ಜೊತೆಗೆ ನಂಟೂ ಬಂತು. ನನ್ನ ಮೊದಲ ಸೀಲ್ ಚರ್ಮದ ಬೂಟು ಹೊಲಿದವಳು ಅವಳು, ನನ್ನ ಸಿಂಬಳ ಒರೆಸಿದವಳೂ ಅವಳೇ. ಆದರೂ ಅವಳು ಚಿಕ್ಕವಳು, ನಾನು ದೊಡ್ಡವನು. ನನಗಿಂತ ಇಪ್ಪತ್ತು ವರ್ಷ ಹಿರಿಯಳಾದ ಅವಳ ಮಗಳು ಸಿಯಾಸಿಗೆ ನಾನು ಸೋದರಮಾವ.

ಆಕಿನಿಸಿ ಹುಟ್ಟಿದ್ದು ಕೊಲ್ಲಿಯ ಆಚೆ ದಡದ ಕೂಗಾಲುಕ್‌ನಲ್ಲಿ, ಮಂಜುಗಡ್ಡೆ ಒಡೆಯುವ ಕಾಲದಲ್ಲಿ, ಡೇರೆಯೊಳಗೆ. ಅಪ್ಪ ಅಮ್ಮ ಬೇಗ ಹೋದರು. ಸಾಕಿದವನು ಅಣ್ಣ. ಅವನು ಅವಳಿಗೆ ಹಾಕಿದ ಕಟ್ಟು ಒಂದೇ: ವಸಂತದಲ್ಲಿ ನನ್ನನ್ನು ಕೇಳದೆ ಮಂಜುಗಡ್ಡೆಯ ಮೇಲೆ ಕಾಲಿಡಬೇಡ. ಅವಳು ಮದುವೆಯಾದಳು, ಏಳು ಹೆತ್ತಳು, ಗಂಡನನ್ನು ಮಣ್ಣು ಮಾಡಿದಳು. ಆ ಕಟ್ಟು ಮಾತ್ರ ಮೀರಲಿಲ್ಲ. ಅಣ್ಣ ಹೋದ ಮೇಲೆ ನನ್ನನ್ನು ಕೇಳತೊಡಗಿದಳು. ನಾಲ್ಕು ವರ್ಷದವನು, ಬಾಯಿ ತುಂಬ ಬಿಸ್ಕತ್ತು ತುರುಕಿಕೊಂಡವನು, ಅವನ ಮುಂದೆ ಮಂಡಿಯೂರಿ, “ಅಣ್ಣಾ, ಕೂಗಾಲುಕ್‌ಗೆ ಹೋಗ್ಲಾ?” ನಾನು ಹುಬ್ಬೇರಿಸುತ್ತಿದ್ದೆ. ಅವಳು ಜಾರುಬಂಡಿ ಕಟ್ಟಿಕೊಂಡು ಹೊರಡುತ್ತಿದ್ದಳು. ಮೇ ತಿಂಗಳಲ್ಲಿ ಹೋದರೆ ಕೊಲ್ಲಿಯ ಮಂಜು ಪೂರ್ತಿ ಕರಗಿ, ಜುಲೈನಲ್ಲಿ ದೋಣಿ ಓಡಾಡಿದ ಮೇಲೇ ವಾಪಸ್ಸು.

ಆಸ್ಪತ್ರೆಯಲ್ಲಿ ಇಪ್ಪತ್ತೈದು ವರ್ಷ ನೆಲ ಒರೆಸಿದಳು. ಒಂದು ವರ್ಷ ಹೊಸದಾಗಿ ಬಂದಿದ್ದ ಹಿರಿಯ ನರ್ಸು ರಜೆ ಕೊಡುವುದಿಲ್ಲ ಎಂದಳಂತೆ. ಆಕಿನಿಸಿ ಜಗಳವಾಡಲಿಲ್ಲ. ಒರೆಸುವ ಕೋಲನ್ನು ನರ್ಸಿನ ಕೈಗೆ ಕೊಟ್ಟು, ಬಕೆಟ್ಟನ್ನು ಅವಳ ಕಾಲ ಬಳಿ ಇಟ್ಟು ಹೊರಟುಬಿಟ್ಟಳು. ಜುಲೈನಲ್ಲಿ ಬಂದು ಅದೇ ಕೋಲು ವಾಪಸ್ಸು ಇಸಿದುಕೊಂಡು, “ಮೂಲೆಗಳು ಸರಿಯಾಗಿಲ್ಲ” ಎಂದಳು.

ಅಂಥವಳನ್ನು ಹೋದ ವರ್ಷ ನಾನು ತಡೆದೆ. ಅಮ್ಮನಿಗೆ ವಯಸ್ಸಾಯಿತು, ಬೇಡ ಎಂದುಬಿಡು ಎಂದು ಸಿಯಾಸಿ ಬಾಣಲೆ ತುಂಬ ಬಿಸಿಬಿಸಿ ಬನ್ನಾಕ್ ರೊಟ್ಟಿ ತಂದುಕೊಟ್ಟಿದ್ದಳು. ತಿಂದೆ. ಆಕಿನಿಸಿ ಬಂದು ಕೇಳಿದಾಗ ನನ್ನ ಬೂಟು ನೋಡಿಕೊಳ್ಳುತ್ತ, ಬಾಯಿಬಿಟ್ಟೇ “ಬೇಡ ತಂಗಿ” ಎಂದೆ. ಮಂಜು ಗಟ್ಟಿಯಾಗಿಯೇ ಇತ್ತು, ಮೂರು ಕುಟುಂಬಗಳು ದಾಟಿ ಹೋದವು. ಅವಳು ಎರಡು ತಿಂಗಳು ಕಿಟಕಿಯ ಪಕ್ಕ ಕುಳಿತಳು. ನೀರು ತುಂಬಿಸಲು ಹೋದಾಗಲೆಲ್ಲ ಕಾಣುತ್ತಿದ್ದಳು. ಒಮ್ಮೆ ಅಂದಳು: “ವಿಮಾನ ಇಳಿಯದೆ ಮೇಲಿಂದ್ಲೇ ಹೋಗಿಬಿಡುತ್ತಲ್ಲ ಅಣ್ಣ, ಈ ಸಲ ವಸಂತ ಹಾಗೇ ಹೋಯ್ತು ನೋಡು.”

ಆ ರೊಟ್ಟಿ ಇನ್ನೂ ನನಗೆ ಜೀರ್ಣವಾಗಿಲ್ಲ.

ಈ ವರ್ಷ ಮೇ ಎರಡನೇ ವಾರ. ಸೂರಿನಿಂದ ತೊಟ್ಟಿಕ್ಕುವ ಸದ್ದು ಶುರುವಾಗಿತ್ತು. ಹಿಮಗುಬ್ಬಿಗಳು ಬಂದಿದ್ದವು. ಚಳಿಗಾಲದಲ್ಲಿ ಕಳೆದುಹೋದ ಕೈಗವಸುಗಳು ಕರಗುವ ಹಿಮದಿಂದ ಒಂದೊಂದಾಗಿ ಮೇಲೆದ್ದವು, ಎಲ್ಲವೂ ಎಡಗೈಯವೇ. ಬಿಳಿಯ ಮೇಲೆ ಬಿಸಿಲು ಬಿದ್ದು ಕಣ್ಣು ಕುಕ್ಕುವ ಕಾಲ. ಕಪ್ಪು ಕನ್ನಡಕ ಮನೆಯಲ್ಲೇ ಮರೆತು ಬೆಳಗಿನಿಂದ ಟ್ಯಾಂಕರ್ ಓಡಿಸಿದವನು, ಕಣ್ಣಿಗೆ ಮರಳು ಹೊಯ್ದಂತಾಗಿ ಅಂಗಡಿಯ ಸಾಲಿನಲ್ಲಿ ನಿಂತಿದ್ದೆ.

“ಅಣ್ಣಾ,” ಹಿಂದಿನಿಂದ ಆಕಿನಿಸಿಯ ದನಿ. ಸಾಲೆಲ್ಲ ನನ್ನತ್ತ ತಿರುಗಿತು. “ಕೂಗಾಲುಕ್‌ಗೆ ಹೋಗ್ಲಾ?”

ಬೇಡ ಎನ್ನಲು ಸಿಯಾಸಿ ಈ ಸಲವೂ ಹೇಳಿಟ್ಟಿದ್ದಳು. ರೊಟ್ಟಿಯೂ ಬಂದಿತ್ತು, ನಾನು ಮುಟ್ಟಿರಲಿಲ್ಲ. ತಿರುಗಿ ನೋಡಿದೆ. ನೀರಾಡುತ್ತಿದ್ದ ಕಣ್ಣನ್ನು ತೆರೆಯಲೆಂದು ಹುಬ್ಬನ್ನು ಒಮ್ಮೆ ಎತ್ತಿದೆ. ಅಷ್ಟೇ.

“ಅಣ್ಣ ಹೂಂ ಅಂದ!” ಎಂದಳು ಆಕಿನಿಸಿ.

“ನಾವೂ ನೋಡಿದ್ವಿ,” ಎಂದಿತು ಸಾಲು.

ನಾನು ಟ್ಯಾಂಕರ್ ಹತ್ತುವಷ್ಟರಲ್ಲಿ ಊರಿನ ರೇಡಿಯೋದಲ್ಲಿ, ಯಾರದೋ ಹುಟ್ಟುಹಬ್ಬದ ಶುಭಾಶಯದ ನಡುವೆ, ಆಕಿನಿಸಿಗೆ ಅಣ್ಣನ ಒಪ್ಪಿಗೆ ಸಿಕ್ಕಿತೆಂದು ಸುದ್ದಿ ಬಂತು. ಸಿಯಾಸಿ ರಸ್ತೆಗೆ ಅಡ್ಡ ನಿಂತು ಟ್ಯಾಂಕರ್ ನಿಲ್ಲಿಸಿದಳು.

“ಮಾವ ಅಂತೆ ಮಾವ! ಮುಖದ ಮೇಲೆ ಎರಡು ಹುಬ್ಬು ಹಿಡಿತದಲ್ಲಿ ಇಟ್ಕೊಳೋಕೆ ಆಗಲ್ವಾ ನಿಂಗೆ?”

“ಬಿಸಿಲು ಕಣೇ...”

“ಬಿಸಿಲಂತೆ! ಇನ್ನು ಹತ್ತು ದಿನಕ್ಕೆ ಮಂಜು ಒಡೆಯುತ್ತೆ. ಹೂಂ ಅಂದೋನು ನೀನೇ ತಾನೆ? ನೀನೇ ಕರ್ಕೊಂಡು ಹೋಗು. ಅಮ್ಮಂಗೆ ಏನಾದ್ರೂ ಆಯ್ತೋ, ಆ ಹುಬ್ಬು ಬೋಳಿಸಿಬಿಡ್ತೀನಿ.”

ಕಣ್ಣು ಕುಕ್ಕಿತ್ತು ಎಂದು ಹೇಳಿ ಮಾತು ಹಿಂತೆಗೆದುಕೊಳ್ಳಬಹುದಿತ್ತು. ಆಗ ಆಕಿನಿಸಿ ಮತ್ತೆ ಕಿಟಕಿಯ ಪಕ್ಕ ಹೋಗಿ ಕೂರುತ್ತಾಳೆ. ಅದನ್ನು ಇನ್ನೊಂದು ವಸಂತ ನೋಡಲು ನನ್ನಿಂದಾಗದು. ಕರೆದುಕೊಂಡು ಹೋಗುವುದೆಂದು ಗಟ್ಟಿ ಮಾಡಿದೆ. ನಮ್ಮ ಮೇಲಧಿಕಾರಿ ಮಾರ್ಕುಸಿ, “ಸೋಮವಾರ ಬೆಳಿಗ್ಗೆ ಎಂಟಕ್ಕೆ ಇಲ್ಲಿರ್ಬೇಕು. ಇಲ್ಲಾಂದ್ರೆ ಊರೆಲ್ಲ ಕೆಂಪು ದೀಪ,” ಎಂದ.

ಶನಿವಾರ ನಸುಕಿನಲ್ಲಿ, ಹಿಮದ ಮೇಲ್ಪದರ ಇನ್ನೂ ಗಟ್ಟಿಯಾಗಿರುವಾಗಲೇ ಹೊರಟೆವು. ಸ್ನೋಮೊಬೈಲ್ ಓಡಿಸುವವನು ನಾನು. ಹಿಂದೆ ಕಟ್ಟಿದ ಮರದ ಜಾರುಬಂಡಿಯಲ್ಲಿ ಡೇರೆ, ಒಲೆ, ಹಿಟ್ಟು, ಚಹಾ, ಮೀನಿನ ಗಾಳ, ಅವುಗಳ ಮೇಲೆ ಆಕಿನಿಸಿ. ಸಂಶಯದ ಜಾಗ ಬಂದಾಗ ಇಳಿದು, ಕಬ್ಬಿಣದ ಮೊನೆಯ ಕೋಲು ಹಿಡಿದು ಮುಂದೆ ನಡೆಯುತ್ತಿದ್ದಳು. ಕುಟ್ಟುವಳು, ಕಿವಿಗೊಡುವಳು.

“ಮುಂದೆ ಯಾವ ಬಣ್ಣ ಅಣ್ಣಾ?”

“ಬಿಳಿ.”

“ಎಡಕ್ಕೆ?”

“ಕಪ್ಪು. ಬಿರುಕು.”

“ಬಲಕ್ಕೆ ಸಾಗು.”

ನನ್ನನ್ನು ಪರೀಕ್ಷೆ ಮಾಡುತ್ತಿದ್ದಾಳೆ ಎಂದುಕೊಂಡೆ. ಶಾಲೆಯಲ್ಲೂ ಬಣ್ಣದ ಪಾಠದಲ್ಲಿ ನಾನು ಪಾಸಾಗಿದ್ದೆ, ಇದೇನು ಮಹಾ. ಬೂದು ಎಂದಾಗಲೆಲ್ಲ ಅವಳು ಹೆಜ್ಜೆಗೆ ಮೂರು ಸಲ ಕುಟ್ಟಿ ನೋಡುತ್ತಿದ್ದಳು. ಹೀಗೇ ಆದರೆ ಕೂಗಾಲುಕ್ ತಲುಪುವಾಗ ಸೋಮವಾರ ಎಂಟು ಗಂಟೆ ಎಂದು ಲೆಕ್ಕ ಹಾಕಿದೆ. ಆಚೆ ದಡದ ಡೇರೆಗಳ ಹೊಗೆ ಕಾಣಿಸುವಷ್ಟು ಹತ್ತಿರ ಬಂದಿದ್ದೆವು. ನದಿ ಕೊಲ್ಲಿಗೆ ಸೇರುವ ಜಾಗ ಅದು.

“ಮುಂದೆ?”

ಮುಂದೆ ಬೂದು ಪಟ್ಟಿಯೊಂದಿತ್ತು. ನೆನೆದ ಸಕ್ಕರೆಯಂಥ ಬೂದು.

“ಬಿಳಿ,” ಎಂದೆ.

ಅವಳು ಕುಟ್ಟದೆ ನಾಲ್ಕು ಹೆಜ್ಜೆ ನಡೆದಳು. ಐದನೆಯದಕ್ಕೆ ಊರಿದ ಕೋಲು ಒಂದೇ ಏಟಿಗೆ ಬುಳಕ್ಕನೆ ಕೆಳಗೆ ಹೋಯಿತು, ಅದರ ಹಿಂದೆಯೇ ಅವಳ ಎಡಗಾಲು, ಮಂಡಿಯವರೆಗೆ. ನಾನು ಹೊಟ್ಟೆಯ ಮೇಲೆ ಬಿದ್ದು ತೆವಳಿಕೊಂಡು ಹೋಗಿ ಅವಳ ಜಾಕೆಟ್ಟಿನ ಟೋಪಿ ಹಿಡಿದು ಹಿಂದಕ್ಕೆ ಎಳೆದೆ. ಇಬ್ಬರೂ ಜಾರುಬಂಡಿಯ ತನಕ ಹಾಗೇ ತೆವಳಿದೆವು.

ಅವಳು ಬೂಟು ಕಳಚಿ ನೀರು ಚೆಲ್ಲಿದಳು, ಒಣ ಕಾಲುಚೀಲ ಹಾಕಿಕೊಂಡಳು, ಫ್ಲಾಸ್ಕು ತೆಗೆದು ನನಗೆಂದು ಚಹಾ ಬಗ್ಗಿಸಿದಳು. ಚಹಾ ಲೋಟದ ಪಕ್ಕಕ್ಕೆ ಬಿತ್ತು. ಹಿಮದಲ್ಲಿ ಕಂದು ಗುಳಿ ಬಿದ್ದರೂ ಬಗ್ಗಿಸುತ್ತಲೇ ಇದ್ದಳು.

ಅವಳು ಪರೀಕ್ಷೆ ಮಾಡುತ್ತಿರಲಿಲ್ಲ.

“ಯಾವಾಗಿಂದ ತಂಗಿ?”

ಅವಳು ಫ್ಲಾಸ್ಕು ನೆಟ್ಟಗೆ ಮಾಡಿದಳು. “ಎರಡು ವರ್ಷ ಆಯ್ತು. ಬಿಳಿ ಗೊತ್ತಾಗುತ್ತೆ, ಕಪ್ಪು ಗೊತ್ತಾಗುತ್ತೆ. ನಡುವಿಂದು ಗೊತ್ತಾಗಲ್ಲ. ವಸಂತ ಪೂರ್ತಿ ನಡುವಿನ ಬಣ್ಣವೇ ಅಲ್ವಾ.”

“ಸಿಯಾಸಿಗೆ ಗೊತ್ತಾ?”

“ಗೊತ್ತಾದ್ರೆ ನನ್ನನ್ನ ಕುರ್ಚಿಗೆ ಕಟ್ಟಿಹಾಕ್ತಾಳೆ. ಕಿವಿ ನನ್ನದು ಚೆನ್ನಾಗಿದೆ ಅಣ್ಣ. ಕಣ್ಣು ನಿನ್ನದು. ಎರಡೂ ಸೇರಿದ್ರೆ ಒಬ್ಬ ಮನುಷ್ಯ ದಾಟಬಹುದು ಅಂದ್ಕೊಂಡೆ.”

“ಅದು ಬೂದು ಇತ್ತು,” ಎಂದೆ. “ನಾನು ಸುಳ್ಳು ಹೇಳಿದೆ. ತಡವಾಗುತ್ತೆ ಅಂತ.”

“ಗೊತ್ತಾಯ್ತು. ಕಾಲಿಗೆ ಗೊತ್ತಾಯ್ತು.” ಫ್ಲಾಸ್ಕಿನ ಮುಚ್ಚಳ ತಿರುಗಿಸಿ, “ಈಗ ಸರಿಯಾಗಿ ನೋಡಿ ಹೇಳು. ಹೋಗೋಣ್ವಾ?”

ಎದ್ದು ನಿಂತು ನೋಡಿದೆ. ಬದುಕಿನಲ್ಲಿ ಮೊದಲ ಸಲ ಮಂಜುಗಡ್ಡೆಯನ್ನು ಕಣ್ಣಿಟ್ಟು ನೋಡಿದೆ. ಕೋಲು ತೆಗೆದುಕೊಂಡು ಎಡಕ್ಕೆ ನೂರು ಹೆಜ್ಜೆ, ಬಲಕ್ಕೆ ನೂರು ಹೆಜ್ಜೆ ಕುಟ್ಟುತ್ತ ಹೋದೆ. ಬೂದು ಪಟ್ಟಿ ಎಲ್ಲೂ ತುಂಡಾಗಿರಲಿಲ್ಲ. ಆಚೆ ಡೇರೆಗಳ ಹೊಗೆ ನೆಟ್ಟಗೆ ಏಳುತ್ತಿತ್ತು. ನಾಯಿ ಬೊಗಳಿದ್ದೂ ಕೇಳಿಸಿತು.

“ಬೇಡ ತಂಗಿ,” ಎಂದೆ. ಈ ಸಲ ಬೂಟು ನೋಡಲಿಲ್ಲ, ಅವಳ ಮುಖ ನೋಡಿದೆ. “ಈ ದಾರಿ ಬೇಡ.”

ಅವಳು ಜಾರುಬಂಡಿಯ ಮೇಲೆ ಕುಳಿತು, ಕೈಗವಸು ಹಾಕಿ, ತೆಗೆದು, ಮತ್ತೆ ಹಾಕಿಕೊಂಡಳು. ಕೊನೆಗೆ ಕೆಮ್ಮಿ ಅಂದಳು:

“ಸರಿ. ಈ ದಾರಿ ಬೇಡ ಅಂದೆ. ಹೋಗೋದೇ ಬೇಡ ಅನ್ಲಿಲ್ಲ ತಾನೆ?”

“ಇನ್ಯಾವ ದಾರಿ ಇದೆ?”

“ಗುಡ್ಡ ಇದೆಯಲ್ಲ.”

ಗುಡ್ಡವೆಂದರೆ ಕೊಲ್ಲಿಯೊಳಗೆ ಚಾಚಿದ ಕಲ್ಲಿನ ಮೂಗು. ಅದನ್ನು ಹತ್ತಿ ಇಳಿದರೆ ನದಿಯ ಬಾಯಿಗೆ ಹೋಗದೆ ನೇರ ಡೇರೆಗಳ ಹಿಂದಕ್ಕೆ ಬೀಳಬಹುದು. ಆದರೆ ಬಿಸಿಲು ಅದರ ಮೈಮೇಲಿನ ಹಿಮವನ್ನೆಲ್ಲ ನೆಕ್ಕಿಬಿಟ್ಟಿತ್ತು. ಉಳಿದಿದ್ದು ಬರೀ ಕಲ್ಲು, ಒದ್ದೆ ಪಾಚಿ. ಜಾರುಬಂಡಿ ಕಲ್ಲಿನ ಮೇಲೆ ಹಲ್ಲು ಜುಮ್ಮೆನ್ನುವಂತೆ ಕಿರುಚಿ ನಿಂತಿತು. ಸಾಮಾನೆಲ್ಲ ಇಳಿಸಿದೆವು. ನಾನು ಮೊದಲು ಸ್ನೋಮೊಬೈಲನ್ನು ಹಿಮ ಉಳಿದ ತುಣುಕಿನಿಂದ ತುಣುಕಿಗೆ ದಾಟಿಸಿದೆ, ಆಮೇಲೆ ಖಾಲಿ ಜಾರುಬಂಡಿಯನ್ನು ಹಗ್ಗ ಕಟ್ಟಿ ಎಳೆದೆ, ಆಮೇಲೆ ಹಿಟ್ಟು, ಡೇರೆ, ಒಲೆ ಹೊತ್ತೆ. ಆಕಿನಿಸಿ ಒಂದೊಂದೇ ಗಂಟು ಬೆನ್ನಿಗೆ ಕಟ್ಟಿಕೊಂಡು, ಕೋಲಿನಿಂದ ತಡಕುತ್ತ ಹತ್ತಿದಳು. ನೆಲದ ಮೇಲೆ ಅವಳಿಗೆ ಕಣ್ಣು ಬೇಕಿರಲಿಲ್ಲ. ನಾನು ಎರಡು ಸಲ ಜಾರಿ ಬಿದ್ದೆ. ಅವಳು ಒಂದು ಸಲವೂ ಇಲ್ಲ.

“ನೀರು ಸೇದೋ ಕೈಗೆ ಶಕ್ತಿ ಇರುತ್ತೆ ಅಂದ್ಕೊಂಡಿದ್ದೆ,” ಎಂದಳು ಮೇಲಿನಿಂದ.

“ಸೇದಲ್ಲ ತಂಗಿ, ಗುಂಡಿ ಒತ್ತುತೀನಿ.”

“ಹಾಗೋ ಸಮಾಚಾರ!”

ನಾಲ್ಕು ಗಂಟೆ ಬೇಕಾಯಿತು. ತುದಿಯಲ್ಲಿ ನಿಂತಾಗ ಬೆನ್ನು ನನ್ನದಾಗಿ ಉಳಿದಿರಲಿಲ್ಲ. ತಲೆಯ ಮೇಲೆ ಬಾತುಗಳ ಸಾಲೊಂದು ಉತ್ತರಕ್ಕೆ ಕೂಗುತ್ತ ಹೋಯಿತು. ನಾನು ಹೇಳುವ ಮೊದಲೇ ಆಕಿನಿಸಿ ಎಣಿಸಿದ್ದಳು, ದನಿಯಿಂದಲೇ. “ಹದಿಮೂರು,” ಎಂದಳು. ನಾನು ಎಣಿಸಿದೆ. ಹನ್ನೆರಡು. ಹೇಳಲಿಲ್ಲ.

ಕೆಳಗೆ ಮೂರು ಡೇರೆಗಳವರೂ ಎದುರು ಬಂದು ಸಾಮಾನು ಇಳಿಸಿಕೊಂಡರು. ಎಂದಿನ ಜಾಗದಲ್ಲಿ ಅವಳ ಡೇರೆ ಎದ್ದಿತು. ಆಕಿನಿಸಿ ಒಲೆ ಹೊತ್ತಿಸುವುದಕ್ಕೂ ಮೊದಲು ನದಿಯ ಮೇಲ್ಭಾಗದ ಕೆರೆಗೆ ಹೋಗಿ, ಮಂಜಿನ ತೂತಿನೊಳಗೆ ಗಾಳ ಬಿಟ್ಟು ಕುಳಿತಳು. ಗಾಳ ಆಡಿಸುವ ಆ ಮಣಿಕಟ್ಟನ್ನು ನೋಡಿ ಕಣ್ಣು ಮಂಜಾದವಳು ಎಂದು ಯಾರೂ ಹೇಳುವಂತಿರಲಿಲ್ಲ. ಮೊದಲ ಮೀನು ಬಂತು. ವಾಡಿಕೆಯಂತೆ ಅಣ್ಣನಿಗೆ ಕೊಟ್ಟಳು. ಅಣ್ಣ ಹಸಿಯಾಗಿಯೇ ತಿಂದ, ಕಡಲ ದಂಡೆಯ ನಾಯಿಯ ಹಾಗೆ.

ತಿನ್ನುತ್ತ ನನಗೆ ಥಟ್ಟನೆ ಹೊಳೆಯಿತು.

“ತಂಗಿ, ಅಂಗಡೀಲಿ ನನ್ನ ಹುಬ್ಬು ನಿಂಗೆ ಹೇಗೆ ಕಾಣಿಸ್ತು?”

ಅವಳು ಗಾಳ ಆಡಿಸುವುದನ್ನು ನಿಲ್ಲಿಸಲಿಲ್ಲ. “ಹುಬ್ಬಾ? ನಿನ್ನ ಮುಖಾನೇ ನೆಟ್ಟಗೆ ಕಾಣಿಸ್ಲಿಲ್ಲ.”

“ಮತ್ತೆ ಹೂಂ ಅಂದ ಅಂತ ಕೂಗಿದ್ಯಲ್ಲ!”

“ಹೋದ ವರ್ಷ ತಕ್ಷಣ ಬೇಡ ಅಂದಿದ್ದೆ. ಈ ವರ್ಷ ಸುಮ್ಮನೆ ನಿಂತೆ. ಅರ್ಧ ಹೂಂ ನಿನ್ನದು. ಇನ್ನರ್ಧ ನಾನು ಹಾಕ್ಕೊಂಡೆ.”

ಮೂರು ದಿನದಿಂದ ನನ್ನ ಹುಬ್ಬಿಗೆ ನಾನು ಹಾಕಿದ ಶಾಪಗಳನ್ನೆಲ್ಲ ಒಳಗೊಳಗೇ ವಾಪಸ್ಸು ಪಡೆದೆ.

ಭಾನುವಾರ ಬೆಳಿಗ್ಗೆ, ಪದರ ಗಟ್ಟಿಯಿದ್ದಾಗಲೇ ನಾನು ಹಿಂದಿರುಗಬೇಕಿತ್ತು. ಆಕಿನಿಸಿ ಡೇರೆಯ ಬಾಗಿಲಲ್ಲಿ ನಿಂತಳು. ಅಷ್ಟೆಲ್ಲ ಆದ ಮೇಲೂ ಕೇಳುವುದನ್ನು ಬಿಡಲಿಲ್ಲ.

“ಅಣ್ಣಾ, ಜುಲೈ ತನಕ ಇಲ್ಲೇ ಇರ್ಲಾ?”

ನನ್ನ ಹುಬ್ಬು ತಾನಾಗಿ ಮೇಲೇರಿತು. ಅವಳಿಗೆ ಕಾಣದು ಎಂಬುದು ನೆನಪಾಗಿ ಬಾಯಿ ತೆರೆದೆ. “ಹೂಂ. ಆದ್ರೆ ಡೇರೆಗಳವರಿಗೆ ನಿನ್ನ ಕಣ್ಣಿನ ವಿಷಯ ಹೇಳಿದೀನಿ. ಮಂಜುಗಡ್ಡೆ ಮೇಲೆ ಒಬ್ಬಳೇ ಹೋಗೋ ಹಾಗಿಲ್ಲ. ಜುಲೈನಲ್ಲಿ ದೋಣಿ ತರ್ತೀನಿ, ಊರಿಗೆ ಬಂದ ದಿನವೇ ಕಣ್ಣು ತೋರಿಸ್ಬೇಕು. ಸಿಯಾಸಿಗೂ ನೀನೇ ಹೇಳ್ಬೇಕು.”

ಅವಳು ಸೂರ್ಯನಿಗೆ ಎದುರಾಗಿ ನಿಂತಿದ್ದಳು. ಹುಬ್ಬು ಮೇಲೆ ಹೋಯಿತು.

“ಬಾಯಲ್ಲಿ ಹೇಳು ತಂಗಿ,” ಎಂದೆ. “ಬಿಸಿಲಿದೆ.”