ಬೇಡ ಅಂದರೆ ಬೇಡ

ಶಿಕಾಗೋದ ಆ ಜಪಾನೀ ರೆಸ್ಟೋರೆಂಟಿನಲ್ಲಿ ಇದ್ದದ್ದೇ ಎಂಟು ಕುರ್ಚಿ. ಕೈಸೆಕಿ ಅಂತಾರೆ, ಕೌಂಟರಿನ ಆಚೆ ನಿಂತ ಶೆಫ್ ನಮ್ಮ ಕಣ್ಣೆದುರೇ ಒಂದೊಂದು ಪುಟ್ಟ ತಿನಿಸು ಮಾಡಿ ಕೊಡುತ್ತಾರೆ. ನನ್ನ ಹುಟ್ಟುಹಬ್ಬಕ್ಕೆ ಅಂತ ಮಗಳು ಕರೆದುಕೊಂಡು ಹೋಗಿದ್ದಳು.

ಎಲ್ಲ ಮುಗಿದು ಕೊನೆಗೆ ಮಣ್ಣಿನ ಗಡಿಗೆಯಲ್ಲಿ ಬಿಸಿಬಿಸಿ ಅಣಬೆ ಅನ್ನ ಬಂತು. ನನಗೆ ಹೋದ ಜೀವ ಬಂದ ಹಾಗಾಯಿತು. ಬಟ್ಟಲು ಖಾಲಿಯಾದ ಕೂಡಲೇ ಶೆಫ್, ಇನ್ನೂ ಸ್ವಲ್ಪ ಹಾಕಲಾ ಅಂತ ಕೇಳಿದರು. ನಾನು ರೂಢಿಯಂತೆ ಕೈ ಅಡ್ಡ ಹಿಡಿದು "ನೋ, ನೋ" ಅಂದೆ. ಅವರು ತಲೆಬಾಗಿ, ಗಡಿಗೆ ಮುಚ್ಚಿ, ಒಳಗೆ ಇಟ್ಟೇಬಿಟ್ಟರು!

"ಇನ್ನೊಂದು ಸಲ ಕೇಳಲ್ವೇನೇ ಇವರು?" ಅಂತ ಮಗಳಿಗೆ ಪಿಸುಗುಟ್ಟಿದೆ.

"ಅಮ್ಮಾ, ಯು ಸೆಡ್ ನೋ," ಅಂದಳು.

ಬೇಡ ಅಂದರೆ ನಂಬುವ ಜನರೂ ಇದ್ದಾರಲ್ಲ! ದಾರಿಯುದ್ದಕ್ಕೂ ಯೋಚಿಸಿದೆ. ಯೋಚಿಸಿದಷ್ಟೂ ಅದೇ ಸರಿ ಅನ್ನಿಸಿತು.

ಮುಂದಿನ ಭಾನುವಾರ ಶಿಕಾಗೋ ಪಕ್ಕದ ಶಾಮ್‌ಬರ್ಗ್‌ನ ನಮ್ಮ ಮನೆಗೆ ದಿನಾ ಫೋನ್ ಮಾಡುವ ಗೆಳತಿ ಸರೋಜಾ ಆಂಟಿ ಊಟಕ್ಕೆ ಬಂದಿದ್ದರು. ಎರಡನೇ ಹೋಳಿಗೆ ಬಡಿಸಲು ಹೋದರೆ ಕೈ ಅಡ್ಡ ಹಿಡಿದು "ಸಾಕಮ್ಮಾ, ಸಾಕು" ಅಂದರು. ನಾನು ತಲೆಬಾಗಿ ಡಬ್ಬಿ ಮುಚ್ಚಿ ಒಳಗೆ ಇಟ್ಟೆ.

ಅವತ್ತಿನಿಂದ ಆಂಟಿಯ ಫೋನೇ ಇಲ್ಲ.